ಕಾಕಾ ಒಲ್ಲದೆ ಮಾಡಿಕೊಟ್ಟ ಬ್ಯಾಟರಿ

ಕಳೆದ ವಾರ ನನ್ನ ಲ್ಯಾಪ್‌ಟಾಪನ್ನು ಬಗಲಲ್ಲಿ ಹಿಡಿದುಕೊಂಡು ಬಾಗಲಕೋಟೆಯ ವಿದ್ಯಾಗಿರಿಯ ಒಂದು ರಿಪೇರಿ ಅಂಗಡಿಗೆ ಹೋಗಿದ್ದೆ. ವೈರು ಕಿತ್ತರೆ ಅದು ಇಪ್ಪತ್ತು ನಿಮಿಷ ಎಚ್ಚರವಿರುತ್ತದೆ, ಆಮೇಲೆ ಕಣ್ಣು ಮುಚ್ಚುತ್ತದೆ. ಅಂಗಡಿಯ ತರುಣ ಅದನ್ನು ತೆರೆದು, ಏನೇನೋ ಒತ್ತಿ, ಪರದೆಯ ಮೇಲೆ ಎರಡು ಅಂಕಿ ತೋರಿಸಿದ.

"ಹೊಸಾದಿದ್ದಾಗ ಇಷ್ಟು ಚಾರ್ಜ್ ಹಿಡೀತಿತ್ರಿ ಸರ್. ಈಗ ಹಿಡಿಯೂದು ಇಷ್ಟ. ವಯಸ್ಸಾಗೈತಿ." ನನ್ನ ಮುಖ ನೋಡಿ ಗಾಬರಿಯಾಗಿ, "ಬ್ಯಾಟ್ರಿಗೆ ಅಂದೆ ಸರ್" ಎಂದು ಸೇರಿಸಿದ.

"ಇನ್ನೊಂದೆರಡು ತಿಂಗಳು ನಡಿಯುವಂಗ ಏನರೆ ಮಾಡಾಕ ಬರ್ತದೇನಪಾ?"

"ಮಾಡಾಕ ಏನೂ ಬರಂಗಿಲ್ರಿ. ಸುಳ್ಳ ಹೇಳಿ ಕಳಸಬೇಕು, ಅಷ್ಟ."

ಆ ಮಾತು ಕೇಳಿ ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿರಬೇಕೆಂದು ಆ ಹುಡುಗ ನೀರು ತಂದುಕೊಟ್ಟ. ಬಿಸಿಲಲ್ಲ. ನಲವತ್ತು ವರ್ಷಕ್ಕೂ ಹಿಂದೆ ನಮ್ಮ ಕಾಕಾ ಇದೇ ಮಾತನ್ನು ಇಳಕಲ್ಲಿನ ತಮ್ಮ ಅಂಗಡಿಯಲ್ಲಿ ಕೂತು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಹತ್ತು ಸಲವೂ ಬೈಸಿಕೊಳ್ಳುತ್ತಿದ್ದರು.

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ನಮ್ಮದು ನೇಕಾರರ ಮನೆ. ನನಗೆ ಆರು, ಅಕ್ಕನಿಗೆ ಹತ್ತು ವರ್ಷವಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಮಕ್ಕಳಿಲ್ಲದ ಕಾಕಾ, ಚಿಗವ್ವ ನಮ್ಮಿಬ್ಬರನ್ನು ಬೆಳೆಸಿದರು. ಚಿಗವ್ವ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಳು. ಕಾಕಾನಿಗೆ ಮಾತ್ರ ಮಗ್ಗ ಒಗ್ಗಲಿಲ್ಲ. ಅವರು ಬಾಗಲಕೋಟೆಯಲ್ಲಿ ಬ್ಯಾಟರಿ ಕೆಲಸ ಕಲಿತು ಬಂದು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬಾಗಿಲಿನ ಅಂಗಡಿ ತೆಗೆದಿದ್ದರು. ಕಲ್ಲು ಸಾಗಿಸುವ ಲಾರಿಗಳು, ಟ್ರ್ಯಾಕ್ಟರುಗಳು, ಒಂದೆರಡು ಜೀಪು, ಇವೆಲ್ಲವುಗಳ ಬ್ಯಾಟರಿಗಳು ಅಲ್ಲಿ ವೈರಿನಿಂದ ಒಂದಕ್ಕೊಂದು ಕೈಹಿಡಿದುಕೊಂಡು ಸಾಲಾಗಿ ಕೂತು ಗುಳುಗುಳು ಎನ್ನುತ್ತಿದ್ದವು. ಗಂಟಲು ಕೆರೆಯುವ ಒಂದು ಹುಳಿ ವಾಸನೆ. ಆಸಿಡ್ ಸಿಡಿದು ಕಾಕಾನ ಅಂಗಿಗಳೆಲ್ಲ ಜರಡಿಯಾಗಿದ್ದವು. "ಇವರಿಗೆ ಹೊಸಾ ಅಂಗಿ ಹೊಲಸೂದೂ ಒಂದ, ಹಳೇ ಅಂಗಿಗೆ ತೂತ ಹೊಡಿಯೂದೂ ಒಂದ" ಎಂದು ಚಿಗವ್ವ ಗೊಣಗುತ್ತ ಹೊಲಿಗೆ ಹಾಕುತ್ತಿದ್ದಳು.

ಬ್ಯಾಟರಿಗೆ ವಯಸ್ಸಾಗುವುದು ಹೇಗೆ ಎಂದು ನನಗೆ ಮೊದಲು ಹೇಳಿದವರು ಕಾಕಾ. "ಅದು ಒಮ್ಮಿಗೆ ಸಾಯಂಗಿಲ್ಲೊ ತಮ್ಮಾ. ನೀ ಹತ್ತು ತುಂಬಿದ್ರ ಒಂಬತ್ತೂವರಿ ತಿರುಗಿ ಕೊಡ್ತೈತಿ. ಆ ಅರ್ಧ ಎಲ್ಲಿ ಹೋತು ಅಂತ ಯಾರೂ ಕೇಳಂಗಿಲ್ಲ. ಮುಂದ ಒಂಬತ್ತು, ಮುಂದ ಎಂಟು. ಬರೇ ಖಾಲಿ ಇಟ್ರಂತೂ ತೀರಿತು, ಒಳಗ ಸೀಸದ ಹಲಗಿಗೆ ಬಿಳೀ ಉಪ್ಪ ಹತ್ತಿ ಕಲ್ಲಾಗ್ತದ." ಮುಂದೆ ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿ, ಆ ಬಿಳಿ ಉಪ್ಪಿನ ಸಮೀಕರಣವನ್ನು ವರ್ಷಕ್ಕೊಮ್ಮೆ ಕಪ್ಪು ಹಲಗೆಯ ಮೇಲೆ ಬರೆದೆ. ಕಾಕಾನಷ್ಟು ಸ್ಪಷ್ಟವಾಗಿ ಹೇಳಲು ಒಂದು ವರ್ಷವೂ ಆಗಲಿಲ್ಲ.

ಆದರೆ ಆ ಕಾಲದ ನಮ್ಮ ಜನ ಯಾವುದನ್ನೂ ಸುಲಭಕ್ಕೆ ಮುಗಿಯಿತು ಎಂದು ಒಪ್ಪುತ್ತಿರಲಿಲ್ಲ. ಟಾರ್ಚಿನ ಸೆಲ್ಲು ಸತ್ತರೆ ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆವು. ನಿಮ್ಮ ಮನೆಯಲ್ಲೂ ಇಟ್ಟಿರಬೇಕು. ಅದು ಒಂದು ಸಂಜೆಯ ಮಟ್ಟಿಗೆ ಮಿಣುಕುತ್ತಿತ್ತು, ನಾವು ಗೆದ್ದೆವೆಂದುಕೊಳ್ಳುತ್ತಿದ್ದೆವು. ಹಾಗೆಯೇ ಲಾರಿಯವರೂ ಕಾಕಾನ ಮುಂದೆ ಸತ್ತ ಬ್ಯಾಟರಿ ಇಟ್ಟು ಎಬ್ಬಿಸು ಎನ್ನುತ್ತಿದ್ದರು. ಅದಕ್ಕೊಂದು ಉಪಾಯವೂ ಇತ್ತು. ಒಳಗಿನ ತೆಳು ನೀರು ತೆಗೆದು ಕಡು ಆಸಿಡ್ ಸುರಿದರೆ ಚಾರ್ಜ್ ಅಳೆಯುವ ಗಾಜಿನ ಕೊಳವೆಯಲ್ಲಿ ತೇಲುವ ಬುರುಡೆ ಚಂದಾಗಿ ಮೇಲೇಳುತ್ತಿತ್ತು, ನಾಲ್ಕಾರು ದಿನ ಗಾಡಿಯೂ ಚಾಲೂ ಆಗುತ್ತಿತ್ತು. ಆಮೇಲೆ ಆ ಆಸಿಡ್ಡೇ ಉಳಿದ ಹಲಗೆಗಳನ್ನೂ ತಿಂದುಹಾಕುತ್ತಿತ್ತು. ಕಾಕಾ ಅದನ್ನು ಮಾಡುತ್ತಿರಲಿಲ್ಲ. "ಡಾಕ್ಟರು ಆಸೆ ಇಲ್ಲ ಅಂದ್ರ ಮಂದಿ ಕೈ ಮುಗೀತಾರ. ನಾ ಅಂದ್ರ ನನಗ ಬೈತಾರ" ಎಂದು ನಗುತ್ತಿದ್ದರು. ವರ್ಷಗಳು ಹೋದಂತೆ ಆ ನಗು ಸಣ್ಣದಾಗುತ್ತ ಬಂತು.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆ. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದವನು ರಜೆಗೆ ಬಂದಿದ್ದೆ. ಅಕ್ಕ ಮೊದಲ ಹೆರಿಗೆಗೆಂದು ಮರೋಳದ ಹತ್ತಿರದ ಗಂಡನ ಮನೆಯಿಂದ ಬಂದಿದ್ದಳು. ಒಂದು ಮಧ್ಯಾಹ್ನ ನಾನು ಕಾಕಾನನ್ನು ಊಟಕ್ಕೆ ಕರೆಯಲು ಅಂಗಡಿಗೆ ಹೋದಾಗ ಬಾಡಿಗೆ ಜೀಪಿನ ಮಾಲೀಕನೊಬ್ಬ ಅವರೊಡನೆ ವಾದಕ್ಕೆ ನಿಂತಿದ್ದ.

"ಮುಗಿದೈತ್ರಿ ಇದು. ಹೊಸಾದು ತರಸ್ರಿ" ಎಂದರು ಕಾಕಾ.

"ತರಸ್ತೇನಿ. ಬರೂತನಕ ನಡಿಯುವಂಗ ಮಾಡಿಕೊಡ್ರಿ. ಎಲ್ಲಾರೂ ಮಾಡ್ತಾರ, ನಿಮಗೇನ ಧಾಡಿ?"

ಕಾಕಾ ಮೂರು ಸಲ ಒಲ್ಲೆ ಎಂದರು. ಅವನು ಮೂರು ಸಲವೂ ಮೊದಲಿನಿಂದ ಶುರು ಮಾಡಿದ. ನನಗೆ ಹೊಟ್ಟೆ ಹಸಿದಿತ್ತು. ಬೆಳಿಗ್ಗೆ ಗಟ್ಟಿಯಾಗಿ ಏನೂ ತಿಂದಿರಲಿಲ್ಲ. ನಾನೆಂದೆ: "ಹಾಕಿ ಕೊಟ್ಟ ಬಿಡ್ರಿ ಕಾಕಾ. ಹೊತ್ತಾತು."

ಕಾಕಾ ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಬಹಳ ದೂರ ನಡೆದು ಬಂದವರು ಕಟ್ಟೆ ಕಂಡಾಗ ನೋಡುತ್ತಾರಲ್ಲ, ಹಾಗೆ. ಎದ್ದು ಹೋಗಿ ಆಸಿಡ್ಡಿನ ಜಾಡಿ ತಂದರು. ಜೀಪಿಗೆ ಕೂಡಿಸುವಾಗ ಮಾಲೀಕನಿಗೆ ಇಷ್ಟು ಹೇಳಿದರು: "ನಡೀತದ. ಆದ್ರ ದಾರ್ಯಾಗ ಎಂಜಿನ್ ಬಂದ್ ಮಾಡಿದ್ರ ಮತ್ತ ಚಾಲೂ ಆಗ್ತದಂತ ನಾ ಹೇಳಂಗಿಲ್ಲ." ಅವನು ಕೇಳಿಸಿಕೊಂಡನೋ ಇಲ್ಲವೋ. ನಾನು ಕೇಳಿಸಿಕೊಂಡೆ.

ನಾಲ್ಕನೆಯ ದಿನ ಕಾಕಾ ಮೊದಲ ಬಸ್ಸಿಗೆ ಬಾದಾಮಿಗೆ ಹೋದರು. ಬನಶಂಕರಿಯ ಕಡೆ ಯಾರದೋ ಟ್ರ್ಯಾಕ್ಟರಿನ ಕೆಲಸವಿತ್ತು. ಅವರು ಹೋದ ಮೇಲೆ ಅಕ್ಕನಿಗೆ ನೋವು ಶುರುವಾಯಿತು. ಸೂಲಗಿತ್ತಿ ಬಂದಳು, ಊರಿನ ಡಾಕ್ಟರು ಬಂದರು. ಹತ್ತು ಗಂಟೆಗೆ ಡಾಕ್ಟರು ಹೊರಗೆ ಬಂದು, "ಕೂಸು ಅಡ್ಡ ಐತಿ. ಬಾಗಲಕೋಟಿಗೆ ಒಯ್ರಿ, ಈಗಿಂದೀಗ" ಎಂದರು. ನಾನು ಬಸ್‌ಸ್ಟ್ಯಾಂಡಿಗೆ ಓಡಿದೆ. ಅಲ್ಲಿ ಇದ್ದದ್ದು ಒಂದೇ ಜೀಪು. ಅದೇ ಜೀಪು. ಡ್ರೈವರು ಕೀಲಿ ತಿರುವಿದ, ಅದು ತಕ್ಷಣ ಚಾಲೂ ಆಯಿತು. ಬ್ಯಾಟರಿಯ ನೆನಪೇ ನನಗೆ ಆಗಲಿಲ್ಲ ಎಂದರೆ ನೀವು ನಂಬುತ್ತೀರಿ, ಒಳ್ಳೆಯವರು. ನಾನು ಇವತ್ತಿಗೂ ಪೂರಾ ನಂಬಿಲ್ಲ.

ಹಿಂದೆ ಚಿಗವ್ವ ಅಕ್ಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಹುನಗುಂದ ದಾಟಿತು. ಅಮೀನಗಡದ ಹತ್ತಿರ ಎಂಜಿನ್ನಿನ ನೀರು ಕುದ್ದು ಹೊಗೆ ಬರತೊಡಗಿತು. ಡ್ರೈವರು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಕೀಲಿ ತಿರುವಿ ಬಂದ್ ಮಾಡಿದ. ನಾನು ಅವನ ಪಕ್ಕದಲ್ಲೇ ಇದ್ದೆ. ಅವನ ಕೈ ಕೀಲಿಗೆ ಹೋದದ್ದನ್ನು ನೋಡಿದೆ. ಕೊಡ ತೆಗೆದುಕೊಂಡು ನೀರಿಗೆ ಓಡಿದೆ.

ನೀರು ಹಾಕಿ, ಮತ್ತೆ ಕೀಲಿ ತಿರುವಿದರೆ 'ಟಕ್' ಎಂದಿತು. ಅಷ್ಟೇ. ಕರದಂಟಿನ ಅಂಗಡಿಯವರು, ಬಸ್ಸಿಗೆ ನಿಂತವರು ಎಲ್ಲ ಬಂದು ನೂಕಿದರು. ಅತ್ತ ನೂಕಿದೆವು, ಇತ್ತ ನೂಕಿದೆವು. ಕಿಡಿ ಹುಟ್ಟುವಷ್ಟೂ ಜೀವ ಅದರಲ್ಲಿ ಉಳಿದಿರಲಿಲ್ಲ. ಪ್ರತಿ ಸಲ ಜೀಪು ಜಗ್ಗಿ ನಿಂತಾಗ ಒಳಗಿಂದ ಅಕ್ಕನ ದನಿ ಬರುತ್ತಿತ್ತು. ಆಮೇಲಾಮೇಲೆ ಅದೂ ಬರಲಿಲ್ಲ. ಸುಮಾರು ಒಂದೂವರೆ ತಾಸಿನ ಮೇಲೆ ಕಲ್ಲಿನ ಲಾರಿಯೊಂದು ಬಂತು. ಅದರ ಡ್ರೈವರು ತನ್ನ ಬ್ಯಾಟರಿಯಿಂದ ವೈರು ಎಳೆದು ಕೊಟ್ಟ. ನಮ್ಮ ಬ್ಯಾಟರಿಯ ಮುಚ್ಚಳ ತಿರುವಿ ಮೂಸಿ ನೋಡಿ, "ಬರೇ ಆಸಿಡ್ ಸುರದಾರಲೇ. ಯಾರ ಮಾಡಿಕೊಟ್ರು ಇದನ್ನ?" ಎಂದ.

"ಇಳಕಲ್ಲ ಕಾಕಾ" ಎಂದ ನಮ್ಮ ಡ್ರೈವರು.

ಚಿಗವ್ವ ಅದನ್ನು ಕೇಳಿದಳು. ಸೆರಗಿನಿಂದ ಅಕ್ಕನ ಹಣೆ ಒರೆಸಿದಳು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅಕ್ಕ ಉಳಿದಳು. ಹೆಣ್ಣು ಕೂಸು. ಉಸಿರಿರಲಿಲ್ಲ. "ಇನ್ನೊಂದು ತಾಸು ಮೊದಲು ತಂದಿದ್ದರೆ..." ಎಂದ ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟರು. ತಂದಿದ್ದರೆ ಏನಾಗುತ್ತಿತ್ತೆಂದು ಅವರಿಗೂ ಗೊತ್ತಿರಲಿಲ್ಲ.

ಬಸ್ಸಿನವರ ಕೈಲಿ ಹೇಳಿಕಳಿಸಿದ ಸುದ್ದಿ ಮುಟ್ಟಿ, ಸಂಜೆ ಹೊತ್ತಿಗೆ ಕಾಕಾ ಬಾದಾಮಿಯಿಂದ ನೇರ ಅಲ್ಲಿಗೇ ಬಂದರು. ಚಿಗವ್ವ ಅವರನ್ನು ಬಾಗಿಲಲ್ಲೇ ತಡೆದು ಎರಡು ಮಾತು ಹೇಳಿದಳು. ಅವರು ಚಪ್ಪಲಿ ಬಿಟ್ಟು ಅಕ್ಕನ ಮಂಚದ ಹತ್ತಿರ ಬಂದು ನಿಂತರು.

"ಆ ಬ್ಯಾಟ್ರಿ ನಾನ ಮಾಡಿಕೊಟ್ಟದ್ದವ್ವ. ಮುಗಿದೈತಿ ಅಂತ ಗೊತ್ತಿತ್ತು. ದಣಿದಿದ್ದೆ, ಮಾಡಿಕೊಟ್ಟೆ. ಒಲ್ಲೆ ಅನ್ನಬೇಕಿತ್ತು."

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ಕಾಕಾ ನನ್ನ ಹೆಸರು ಎತ್ತಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈಗ ಹೇಳಬೇಕು ಎಂದುಕೊಂಡೆ. ಅಕ್ಕ ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ಹೇಳಿದರಾಯಿತು ಎಂದುಕೊಂಡೆ.

ಒಂದು ವರ್ಷ ಅಕ್ಕ ಇಳಕಲ್ಲಿಗೆ ಕಾಲಿಡಲಿಲ್ಲ. ಕಾಕಾ ಅಂಗಡಿ ನಡೆಸಿದರು, ಆದರೆ ವಾದ ಬಿಟ್ಟರು. ಮುಗಿದೈತಿ ಎಂದು ಒಂದು ಸಲ ಹೇಳಿ, ಬ್ಯಾಟರಿಯನ್ನು ಎತ್ತಿ ಹೊರಗೆ ಇಟ್ಟುಬಿಡುತ್ತಿದ್ದರು. ಊಟಕ್ಕೆ ಕರೆಯಲು ನಾನು ಹೋಗುವುದನ್ನು ಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಅಕ್ಕ ಬಂದಳು, ಮನೆಗಲ್ಲ, ಅಂಗಡಿಗೆ. ಭಾವ ಹಿಂದೆ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತುಕೊಂಡು ಬಂದಿದ್ದ. ಹುನಗುಂದದಲ್ಲೂ ಆ ಕೆಲಸ ಮಾಡುವವರಿದ್ದರು. ಅಕ್ಕ ಅದನ್ನು ಕಾಕಾನ ಮುಂದೆ ಇಡಿಸಿ, "ನೋಡ್ರಿ ಕಾಕಾ. ಏನೈತಿ ಹೇಳ್ರಿ" ಎಂದಳು.

ಕಾಕಾ ಆರೂ ಮುಚ್ಚಳ ತೆಗೆದು, ಒಂದೊಂದನ್ನೂ ಎರಡೆರಡು ಸಲ ಅಳೆದರು. "ಮುಗಿದೈತವ್ವ" ಎಂದರು.

"ಹಂಗಾರ ಹೊಸಾದ ಕೊಡ್ರಿ" ಎಂದಳು ಅಕ್ಕ. ಆಮೇಲೆ ಸುತ್ತ ನೋಡಿ, "ಊಟ ಆಗೈತೊ ಇಲ್ಲೊ? ನಡೀರಿ, ಚಿಗವ್ವ ಕಾಯ್ತಿರತಾಳ" ಎಂದು ಅವರನ್ನು ಎಬ್ಬಿಸಿಕೊಂಡು ಮನೆಗೆ ನಡೆದಳು. ಇದನ್ನು ನನಗೆ ಹೇಳಿದವನು ಭಾವ. ನಾನು ಆಗ ಪರೀಕ್ಷೆಯ ನೆಪದಲ್ಲಿ ಬಾಗಲಕೋಟೆಯಲ್ಲಿ ಉಳಿದಿದ್ದೆ.

ಎಂಬತ್ತರ ದಶಕ ಮುಗಿಯುವ ಮೊದಲೇ ಕಾಕಾ ಹೋದರು. ಕೊನೆಯವರೆಗೂ ನಾನು ಅವತ್ತು ಅಂದ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ನನ್ನೊಡನೆಯೂ ಆಡಲಿಲ್ಲ. ನಾನು ಮೇಷ್ಟ್ರಾದೆ, ಮದುವೆಯಾದೆ, ನಿವೃತ್ತನಾದೆ. ಹೇಳಬೇಕಾದದ್ದನ್ನು ಹೇಳದೆ ಬದುಕುವುದು ಬಹಳ ಕಷ್ಟ ಎನ್ನುತ್ತಾರೆ. ಸುಳ್ಳು. ದಿನಕ್ಕೆ ಒಂದಿಷ್ಟೇ ದಣಿವಾಗುತ್ತದೆ, ಅಷ್ಟು ಯಾರಿಗೆ ಆಗುವುದಿಲ್ಲ?

ಕಳೆದ ವಾರ ಆ ಹುಡುಗನ ಅಂಗಡಿಯಿಂದ ಎದ್ದವನು ಮನೆಗೆ ಹೋಗಲಿಲ್ಲ. ಹುನಗುಂದದ ಬಸ್ಸು ಹತ್ತಿದೆ. ಅಕ್ಕ ಈಗ ಅಲ್ಲಿ ಮಗನ ಮನೆಯಲ್ಲಿದ್ದಾಳೆ. ಆ ಕೂಸಿನ ನಂತರ ಅವಳಿಗೆ ಇಬ್ಬರು ಗಂಡುಮಕ್ಕಳಾದರು. ಪಡಸಾಲೆಯಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಎದುರಿಗೆ ಕೂತು, ನೀರು ಕೂಡ ಕುಡಿಯದೆ, ಎಲ್ಲ ಹೇಳಿದೆ. ಹಸಿದಿದ್ದೆ, ಹಾಕಿ ಕೊಡ್ರಿ ಎಂದವನು ನಾನು, ಡ್ರೈವರನ ಕೈ ಕೀಲಿಗೆ ಹೋದದ್ದನ್ನು ನೋಡಿದವನೂ ನಾನು.

ಅಕ್ಕ ಕೈ ನಿಲ್ಲಿಸಲಿಲ್ಲ. ನಾಲ್ಕು ಕಡ್ಡಿ ಬಿಡಿಸಿದ ಮೇಲೆ ಹೇಳಿದಳು: "ಕಾಕಾನ ಮ್ಯಾಲೆ ಒಂದ ವರ್ಷ ಸಿಟ್ಟ ಮಾಡಿದ್ದೆ. ನಿನ್ನ ಮ್ಯಾಲೆ ಮಾಡಾಕ ಈಗ ನನ್ನ ಕೈಲೆ ಆಗಂಗಿಲ್ಲೊ ತಮ್ಮಾ. ಅಷ್ಟ ಶಕ್ತಿ ಉಳದಿಲ್ಲ."

ಸೊಪ್ಪಿನ ಇನ್ನೊಂದು ಕಟ್ಟು ಎಳೆದುಕೊಂಡು ಅಕ್ಕ ಮುಂದುವರಿಸಿದಳು:

"ಕಾಕಾ ಬಂದು ಬ್ಯಾಟ್ರೀದ ಮಾತಾಡಿದ್ರು. ಡಾಕ್ಟರು ತಡಾ ಆದ ತಾಸಿನ ಮಾತಾಡಿದ್ರು. ಈಗ ನೀ ಬಂದು ನಿನ್ನದ ಹೇಳಿದಿ. ಆ ಕೂಸಿನ ಬಗ್ಗೆ ಏನೂ ಯಾರೂ ಕೇಳ್ಲಿಲ್ಲ."

"ಏನ ಕೇಳಬೇಕಿತ್ತಕ್ಕಾ?"

"ಹೆಸರ. ಹೊಟ್ಟ್ಯಾಗ ಇದ್ದಾಗನ ಇಟ್ಟಿದ್ದೆ. ಹೆಣ್ಣ ಆದ್ರ ಅವ್ವನ ಹೆಸರು ಅಂತ."

ನಮ್ಮ ಅವ್ವನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. "ಗಂಗವ್ವ" ಎಂದೆ.

ಅಕ್ಕನ ಕೈ ಆಗ ನಿಂತಿತು.

"ಇನ್ನೊಮ್ಮೆ ಅನ್ನು" ಎಂದಳು.