ತಗಡಪ್ಪನ ಪಂಚಮಿ

ಕುರುಗೋಡಿನ ಹುಲುಗಪ್ಪನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ‘ಹಲೋ, ಮೈಕ್ ಟೆಸ್ಟಿಂಗ್’ ಅನ್ನುವುದಷ್ಟೇ. ಆ ಬಂಡವಾಳ ಇಟ್ಟುಕೊಂಡು ಅವನು ಇಂಗ್ಲಿಷ್ ಸಿನಿಮಾಗಳನ್ನು ಸುತ್ತಲ ಊರಿಗೆಲ್ಲ ಕನ್ನಡದಲ್ಲಿ ಮಾರಿದ. ಚೀಲದೊಳಗೆ ಏನಿದೆಯೆಂದು ಗೊತ್ತಿಲ್ಲದೆ ಮಾರುವವರು ಬಳ್ಳಾರಿ ಪೇಟೆಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಕೊಂಡವರು ಕಣ್ಣೊರೆಸಿಕೊಂಡು ಹೋಗಿ, ಮರುದಿನ ಅದೇ ಮಾಲಿಗೆ ಮತ್ತೆ ಬಂದು ನಿಲ್ಲುವಂತೆ ಮಾರಿದವನು ಇವನೊಬ್ಬನೇ.

ಎಂಬತ್ತರ ದಶಕದ ಮಾತು. ಸಿರುಗುಪ್ಪದ ದೊಡ್ಡಬಸಪ್ಪ ಸಾವ್ಕಾರರದು ಟೂರಿಂಗ್ ಟಾಕೀಸು. ಭತ್ತದ ಸುಗ್ಗಿ ಮುಗಿದು ಜನರ ಕೈ ಸಡಿಲವಾದ ಊರು ನೋಡಿ ಟೆಂಟು ಹೊಡೆಯುತ್ತಿದ್ದರು. ಹುಲುಗಪ್ಪ ಅಲ್ಲಿ ಮೈಕು ಹಿಡಿದು, ಆಟ ಶುರುವಾಗುತ್ತದೆ ಬನ್ನಿ ಎಂದು ಕೂಗುವ ಕೆಲಸದವನು. ಚೆನ್ನಾಗಿ ಓಡುವ ತೆಲುಗು, ಕನ್ನಡ ಚಿತ್ರಗಳು ಬಳ್ಳಾರಿಯ ಥಿಯೇಟರು ಬಿಟ್ಟು ಕೆಳಗಿಳಿಯುತ್ತಿರಲಿಲ್ಲ. ಹಾಗಾಗಿ ಖಾಲಿ ವಾರಗಳಿಗೆ ಸಾವ್ಕಾರರು ಯಾರಿಗೂ ಬೇಡವಾದ ಇಂಗ್ಲಿಷ್ ಚಿತ್ರ ತರುತ್ತಿದ್ದರು. ಒಂದು ಸಲ ಅರ್ಧ ಆಟಕ್ಕೇ ಜನ ಚಾಪೆ ಝಾಡಿಸಿ ಎದ್ದಾಗ, ಏನಾದರೂ ಹೇಳಿ ಕೂರಿಸು ಮಾರಾಯ ಎಂದು ಅವನ ಕೈಗೆ ಒಳಗಿನ ಮೈಕು ಕೊಟ್ಟರು. ಅವನು ಹೇಳಿದ. ಜನ ಕೂತರು.

ಅವನ ಹೆಸರು ಮೇಲೆತ್ತಿದ್ದು ಒಂದು ಕಪ್ಪುಬಿಳುಪು ಚಿತ್ರ. ಚಂದ್ರನ ಮೇಲೆ ಒಬ್ಬ ಯಂತ್ರಮಾನವ, ಇಲ್ಲಿ ಕೆಳಗೆ ಬಿಳಿ ಕೋಟಿನವರ ನಡುವೆ ರೇಡಿಯೋ ಮುಂದೆ ಕೂತ ಒಬ್ಬ ಹೆಂಗಸು. ಇಬ್ಬರೂ ಆಗೊಂದು ಈಗೊಂದು ಮಾತಾಡುತ್ತಾರೆ, ನಡುವೆ ಉದ್ದುದ್ದಕ್ಕೆ ಸುಮ್ಮನಿರುತ್ತಾರೆ. ಆ ಸುಮ್ಮನಿರುವ ಜಾಗವೆಲ್ಲ ಹುಲುಗಪ್ಪನ ಹೊಲವಾಯಿತು. ಯಂತ್ರಕ್ಕೆ ತಗಡಪ್ಪ ಎಂದು ಹೆಸರಿಟ್ಟ. ಆ ಹೆಂಗಸು ಅವನ ತಂಗಿ. ಬಿಳಿ ಕೋಟಿನವರು ಅವಳ ಅತ್ತೆಮನೆಯವರು, ಅವರಲ್ಲಿ ಕನ್ನಡಕದ ಮುದುಕನೇ ಮಾವ. ತಗಡಪ್ಪ ದುಡಿಯಲು ಚಂದ್ರನ ಮೇಲೆ ಹೋಗಿದ್ದಾನೆ, ಇಲ್ಲಿ ನಾಗರ ಪಂಚಮಿ ಹತ್ತಿರ ಬಂದಿದೆ, ತವರಿಗೆ ಕರೆದೊಯ್ಯಲು ಬಾ ಅಣ್ಣಾ ಎಂದು ತಂಗಿ ರೇಡಿಯೋದಲ್ಲಿ ಕರೆಯುತ್ತಾಳೆ. ಕೊನೆಗೆ ಯಂತ್ರದ ಎದೆಯ ದೀಪ ಆರುತ್ತದೆ, ಹೆಂಗಸು ಮುಖ ಮುಚ್ಚಿಕೊಳ್ಳುತ್ತಾಳೆ. ಆಗ ಹುಲುಗಪ್ಪ ದನಿ ತಗ್ಗಿಸಿ, “ಅಳಬ್ಯಾಡವ್ವಾ, ಅಣ್ಣ ದೀಪ ಆರಿಸಿ ಕದ ಹಾಕ್ಕೊಂಡು ಹೊಂಟಾನ, ನಾಳಿ ಮುಂಜಾನಿ ನಿನ್ನ ಬಾಗಿಲಾಗ ಇರ್ತಾನ” ಅನ್ನುತ್ತಿದ್ದ. ಹೆಂಗಸರ ಸಾಲಿನಲ್ಲಿ ಸೆರಗು ಒದ್ದೆಯಾಗುತ್ತಿತ್ತು. ಕರೂರಿನ ಸತ್ಯಮ್ಮ, ಆಗಷ್ಟೇ ಗಂಡನ ಮನೆಗೆ ಬಂದವಳು, ಟೆಂಟು ಆ ಊರಿನಲ್ಲಿದ್ದಷ್ಟು ದಿನವೂ ಬಂದು ಅತ್ತಳು. ಅವಳನ್ನು ಪಂಚಮಿಗೆ ಕರೆಯಲು ಬರುವವರು ತವರಿನಲ್ಲಿ ಯಾರೂ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು.

ಟೆಂಟು ಹೋಯಿತು. ಹುಲುಗಪ್ಪ ಬಳ್ಳಾರಿಗೆ ಬಂದು ಆಟೋದಲ್ಲಿ ಕೂತು, ಬಟ್ಟೆ ಅಂಗಡಿಯ ಸೇಲು, ಕಳೆದುಹೋದವರ ಗುರುತು, ಕಣ್ಣಿನ ತಪಾಸಣೆ ಎಂದು ಓಣಿ ಓಣಿ ಕೂಗಿಕೊಂಡು ವಯಸ್ಸು ಕಳೆದ. ಈಚೆಗೆ ಅಂಗಡಿಯವರು ಅದನ್ನೂ ಫೋನಿನಲ್ಲಿ ಟೈಪು ಮಾಡಿ, ಯಂತ್ರದ ದನಿಯಲ್ಲಿ ಹೇಳಿಸಿ, ಪೆನ್‌ಡ್ರೈವಿಗೆ ಹಾಕಿಬಿಟ್ಟರು. ಆ ದನಿಗೆ ಕೆಮ್ಮು ಬರುವುದಿಲ್ಲ, ನಡುವೆ ಚಹಾ ಬೇಕೆನ್ನುವುದಿಲ್ಲ. ವ್ಯಾಪಾರಸ್ಥರನ್ನು ದೂರುವ ಹಾಗಿಲ್ಲ. ಹುಲುಗಪ್ಪನೂ ದೂರಲಿಲ್ಲ. ಕುರುಗೋಡಿಗೆ ಮರಳಿ, ಬಸವೇಶ್ವರ ಗುಡಿಯ ಮುಂದಿನ ಕಟ್ಟೆಯಲ್ಲಿ ಕೂತು ಜನರೊಡನೆ ಮಾತಾಡುತ್ತಿದ್ದ. ಕೇಳಿಸಿಕೊಳ್ಳುವವರ ಕಣ್ಣು ಫೋನಿನಲ್ಲಿರುತ್ತಿತ್ತು.

ಹೀಗಿರುವಾಗ ಆ ಹಳೇ ಚಿತ್ರವನ್ನೇ ಹೊಸದಾಗಿ ಮಾಡಿದ್ದಾರೆಂಬ ಸುದ್ದಿ ಬಂತು. ಈಗ ಹಾಗೇ ನಡೆದಿದೆ: ಗೋದಾಮಿನ ಹಳೇ ಅಕ್ಕಿಗೆ ಪಾಲಿಶು ಕೊಟ್ಟು ಹೊಳೆಯುವ ಚೀಲಕ್ಕೆ ತುಂಬುವುದು. ಅಜ್ಜಂದಿರು ಹೆದರಿದ ಯಂತ್ರಕ್ಕೆ ಮೊಮ್ಮಕ್ಕಳೂ ಹೆದರಲಿ ಎಂದು ಬಣ್ಣ, ಬೆಂಕಿ, ಗೋಡೆ ನಡುಗುವ ಸದ್ದು ಸೇರಿಸುವುದು. ಬಳ್ಳಾರಿಯಲ್ಲಿ ತೆಲುಗಿನಲ್ಲಿ ಓಡಿದ ಚಿತ್ರ ಸಿರುಗುಪ್ಪಕ್ಕೆ ಬರುವಾಗ ಕನ್ನಡ ಕಲಿತು ಬಂತು. ಅಲ್ಲಿ ಸಾವ್ಕಾರರ ಮಗ ಉಮಾಪತಿ ಈಗ ಥಿಯೇಟರು ನಡೆಸುತ್ತಾನೆ. ಹುಲುಗಪ್ಪ ತೊಳೆದ ಅಂಗಿ ಹಾಕಿಕೊಂಡು ಬಸ್ಸು ಹತ್ತಿ ಅವನ ಮುಂದೆ ಹೋಗಿ ನಿಂತ. ಒಂದು ಆಟಕ್ಕೆ ಮೈಕು ಬೇಕು, ಸಾಯುವುದರೊಳಗೆ ಕೇಳುವ ಜನರ ಮುಂದೆ ಇನ್ನೊಂದು ಸಲ ನಿಲ್ಲಬೇಕು, ಬೇರೇನೂ ಬೇಡ ಎಂದ.

“ಹುಲುಗಪ್ಪಣ್ಣ, ಈ ಸಿನಿಮಾ ತಾನ ಕನ್ನಡ ಮಾತಾಡ್ತೈತಿ. ನೀ ಏನ್ ಮಾತಾಡಾಂವ?”

“ಅದರ ಮಾತು ಅದು ಆಡ್ಲಿ ಸಾವ್ಕಾರ್ರ. ಪಂಚಮಿ ಸೀನಿನಾಗ ಇಬ್ರೂ ಸುಮ್ನಿರ್ತಾರಲ್ಲ, ಅದೊಂದು ಜಾಗ ನನಗ ಬಿಡ್ರಿ.”

ಉಮಾಪತಿಗೆ ಸೋಮವಾರದ ಬೆಳಗಿನ ಆಟ ಹೇಗೂ ನೊಣ ಹೊಡೆಯುವ ಆಟ. ಅಪ್ಪನ ಕಾಲದ ಮನುಷ್ಯನ ಮೇಲೆ ಮರುಕವೂ ಇತ್ತು. ಎರಡೂ ಸೇರಿ ಒಪ್ಪಿಗೆ ಬಂತು. ‘ಹೊಸ ಚಿತ್ರಕ್ಕೆ ಹಳೇ ದನಿ’ ಎಂದು ವಾಟ್ಸಾಪಿಗೆ ಬಿಟ್ಟ. ಹುಲುಗಪ್ಪ ಮಾತ್ರ ಆ ವಾರವೆಲ್ಲ ಮೆಣಸಿನ ಪದಾರ್ಥ ಬಿಟ್ಟು, ಬಿಸಿನೀರು ಕುಡಿದು, ಗಂಟಲನ್ನು ಮದುವೆ ಹುಡುಗಿಯಂತೆ ಜೋಪಾನ ಮಾಡಿದ.

ಸೋಮವಾರ ಕರೂರಿನಿಂದ ಹಳಬರು ಬಸ್ಸಿನಲ್ಲಿ ಬಂದಿಳಿದರು. ಮೊಮ್ಮಗಳ ಭುಜ ಹಿಡಿದು ಸತ್ಯಮ್ಮ ಬಂದಳು, ತಲೆ ಪೂರ್ತಿ ಬೆಳ್ಳಗಾಗಿತ್ತು. ಎಲ್ಲರೂ ಹುಲುಗಪ್ಪನನ್ನು ಸುತ್ತಿಕೊಂಡು ಮಾತಾಡಿಸಿದರು. ತಗಡಪ್ಪ ಈ ಸಲವಾದರೂ ಹೊತ್ತಿಗೆ ಸರಿಯಾಗಿ ಬರುತ್ತಾನೋ ಇಲ್ಲವೋ ಎಂದು ಒಬ್ಬ ಚೇಷ್ಟೆ ಮಾಡಿದ. ಬಸ್ಸು ಸಿಕ್ಕರೆ ಬರುತ್ತಾನೆ ಎಂದು ಇವನು ನಗಿಸಿದ. ಹಿಂದಿನ ಸಾಲುಗಳಲ್ಲಿ ಕಾಲೇಜು ತಪ್ಪಿಸಿ ಬಂದ ಹುಡುಗರಿದ್ದರು.

ಪರದೆಯ ಪಕ್ಕ ನಿಂತು ಹುಲುಗಪ್ಪ ಶುರು ಮಾಡಿದ. ‘ಮಹಾಜನಗಳೇ’ ಅನ್ನುವಷ್ಟರಲ್ಲಿ ರಾಕೆಟ್ಟು ಹಾರಿತು, ಮುಂದಿನದು ಅವನಿಗೇ ಕೇಳಿಸಲಿಲ್ಲ. ಹೊಸ ತಗಡಪ್ಪನ ಮೈಮೇಲೆ ತಗಡೇ ಇರಲಿಲ್ಲ. ಚರ್ಮವಿತ್ತು, ಕೂದಲಿತ್ತು, ಬಳ್ಳಾರಿ ಬ್ಯಾಂಕಿನಲ್ಲಿ ಕೂರಿಸಿದರೆ ಮ್ಯಾನೇಜರು ಅನ್ನಬಹುದಿತ್ತು. ಇವನೇ ತಗಡಪ್ಪ ಎಂದು ಹುಲುಗಪ್ಪ ಹೇಳುವ ಹೊತ್ತಿಗೇ ಯಂತ್ರ ತನ್ನ ನಂಬರು ಹೇಳಿತು. “ಅಜ್ಜಾ, ಅಂವಗ ತನ್ನ ಹೆಸರು ಗೊತ್ತೈತಿ ಬಿಡೋ” ಎಂದು ಹಿಂದಿನಿಂದ ಒಬ್ಬ ಕೂಗಿದ. ನಕ್ಕವರಲ್ಲಿ ಹಳಬರೂ ಇದ್ದರು.

ಹುಲುಗಪ್ಪ ಬೇಸರಪಡಲಿಲ್ಲ. ಸಂದಿ ಸಿಗಲಿ ಎಂದು ಕಾದ. ಸಿಗಲಿಲ್ಲ. ಹಳೆಯದರಲ್ಲಿ ಯಂತ್ರ ಬರಿದೇ ನಡೆಯುತ್ತಿದ್ದ ಕಡೆಯೆಲ್ಲ ಈಗ ಸಂಗೀತ ಸುರಿದಿದ್ದರು. ನೋಡುವವನು ಒಂದು ಗಳಿಗೆ ಸುಮ್ಮನಿದ್ದರೆ ಎಲ್ಲಿ ಎದ್ದುಹೋಗುತ್ತಾನೋ ಎಂಬ ಭಯ ಆ ಚಿತ್ರ ಮಾಡಿದವರಿಗೂ ಇತ್ತೆಂದು ಕಾಣುತ್ತದೆ. ಮೈಕನ್ನು ಬಾಯಿಗೆ ತರುವುದು, ಇಳಿಸುವುದು, ಇದೇ ಆಯಿತು.

ಕೊನೆಗೆ ಆ ಸೀನು ಬಂತು. ಹೆಂಗಸು ರೇಡಿಯೋ ಮುಂದೆ ಬಂದು ಕೂತಳು. ಸಂಗೀತ ನಿಂತಿತು. ಹುಲುಗಪ್ಪ ಮೈಕನ್ನು ಬಾಯಿಗೆ ತಂದು, “ಅಣ್ಣಾ, ಪಂಚಮಿ ಬಂತು” ಎಂದು ದನಿ ತೆಗೆದ. ಹಳೇ ದನಿಯೇ, ಎಲ್ಲೂ ಒಡೆದಿರಲಿಲ್ಲ. ಆದರೆ ಅದೇ ಹೊತ್ತಿಗೆ ಪರದೆಯ ಹೆಂಗಸೂ ಬಾಯಿ ತೆರೆದಳು, ಅದೂ ಕನ್ನಡದಲ್ಲಿ.

“ಸುಮ್ಕಿರಪ್ಪಾ ಹುಲುಗಪ್ಪಣ್ಣ,” ಎಂದಿತು ಮುಂದಿನ ಸಾಲಿನಿಂದ ಸತ್ಯಮ್ಮನ ದನಿ. “ಆಕಿ ಏನೋ ಹೇಳಾಕತ್ಯಾಳ. ಕೇಳಾಣು.”

ಅವನು ಸುಮ್ಮನಾದ. ಎಲ್ಲರೂ ಕೇಳಿದರು. ಹೆಂಗಸು ಹೇಳಿದಳು: “ನಿನ್ನ ಕೆಲಸ ಮುಗಿದಿದೆ. ಈಗ ನಿನ್ನನ್ನು ಆರಿಸುತ್ತಿದ್ದೇನೆ.” ಯಂತ್ರ, “ಬ್ಯಾಟರಿ ಇನ್ನೂ ಅರ್ಧ ಇದೆ, ಮೇಡಂ” ಎಂದಿತು. ಅವಳು ಗುಂಡಿ ಒತ್ತಿದಳು. ದೀಪ ಆರಿತು. ಅವಳು ಮುಖ ಮುಚ್ಚಿಕೊಂಡಳು.

ಆಮೇಲೆ, ಆ ಇಡೀ ಚಿತ್ರದಲ್ಲಿ ಮೊದಲ ಸಲ, ಏನೂ ಇರಲಿಲ್ಲ. ಸಂಗೀತವಿಲ್ಲ, ಮಾತಿಲ್ಲ. ಪರದೆ ತುಂಬ ಬೂದಿ ಬಣ್ಣದ ನೆಲ, ಅದರ ಮೇಲೆ ಕೂತ ಯಂತ್ರ. ಹುಲುಗಪ್ಪ ಕೇಳಿದ್ದು ಇಂಥದೇ ಜಾಗ. ಹಿಂದಿನ ಹುಡುಗರೂ ಉಸಿರು ಬಿಗಿಹಿಡಿದಿದ್ದರು. ಕರೂರಿನವರಲ್ಲಿ ಕೆಲವರು ತಿರುಗಿ ಅವನತ್ತ ನೋಡಿದರು ಕೂಡ. ಮೈಕು ಕೈಯಲ್ಲೇ ಇತ್ತು, ಅದರ ಗುಂಯ್ ಎಂಬ ಸದ್ದು ಗೋಡೆಗಳಿಂದ ಕೇಳುತ್ತಿತ್ತು. ಅಣ್ಣ ಹೊರಟಿದ್ದಾನೆ ಅನ್ನಬೇಕಿತ್ತು. ಅವನು ಮೈಕು ಆರಿಸಿ ಕೆಳಗಿಟ್ಟ.

ಹೊರಗೆ ಚಹಾದಂಗಡಿಯ ಬಳಿ ಕರೂರಿನವರು ಚಿತ್ರದ ಮಾತೇ ಆಡುತ್ತಿದ್ದರು. ಬ್ಯಾಟರಿ ಅರ್ಧ ಇದ್ದದ್ದನ್ನು ಒಬ್ಬ ಇನ್ನೊಬ್ಬನಿಗೆ ಹಾಗೇ ಅಭಿನಯಿಸಿ ತೋರಿಸಿದ. ಹುಲುಗಪ್ಪ ಸತ್ಯಮ್ಮನ ಪಕ್ಕ ಬಂದು ನಿಂತು, ಗದ್ದಲ ಭಾಳ ಆಯಿತೆಂದೂ, ಗಂಟಲು ಕೈಕೊಟ್ಟಿತೆಂದೂ ಹೇಳಿದ. ಅವಳು ತಲೆಯಾಡಿಸಿದಳು.

“ಆಕಿ ಕರಿಯಾಕತ್ಯಾಳ ಅನ್ಕೊಂಡಿದ್ದೆ ನೋಡು, ಇಷ್ಟು ವರ್ಷ. ಆಕೀನ ಅಂವನ ದೀಪ ಆರಿಸಿದ್ಲು.”

“ಹಳೇದ್ರಾಗ ಹಂಗಿರ್ಲಿಲ್ಲ ಸತ್ಯಮ್ಮ” ಎಂದ. ಹಳೆಯದರಲ್ಲಿ ಹೇಗಿತ್ತೆಂದು ಅವನಿಗೆ ಎಂದೂ ಗೊತ್ತಿರಲಿಲ್ಲ.

“ಇರ್ಲಿ ಬಿಡಣ್ಣ. ನಿಂದು ಚಲೋ ಇತ್ತು. ಪ್ರತಿ ಪಂಚಮಿಗೂ ನೆಪ್ಪ ಮಾಡ್ಕೊಂಡು, ಬಾಗಿಲಾಗ ಒಂದೀಟು ಕುಂದ್ರತಿದ್ದೆ.” ಮೊಮ್ಮಗಳ ಭುಜಕ್ಕೆ ಕೈ ಚಾಚಿದಳು. “ಇನ್ನ ಕುಂದ್ರಾದು ಬ್ಯಾಡ.”

ಬಸ್ಸು ಬಂತು, ಅವರು ಹೋದರು.

ಮುಂದಿನ ಆಟಕ್ಕೂ ಮಾತಾಡುತ್ತೀಯೇನು ಎಂದು ಉಮಾಪತಿ ದಾಕ್ಷಿಣ್ಯಕ್ಕೆ ಕೇಳಿದ. ಹುಲುಗಪ್ಪ ಬೇಡವೆಂದು, ಹಿಂದಿನ ಸಾಲಿನಲ್ಲಿ ಕೂತು ಬರೀ ನೋಡಲೇ ಎಂದು ಕೇಳಿದ. ಎಲ್ಲಾದರೂ ಕುಂದು ಸಿಕ್ಕೀತೆಂದು, ಎದುರಿನ ಅಂಗಡಿಯವನ ಮಾಲು ತಿರುವಿ ನೋಡುವವನಂತೆ ಮೊದಲಿಂದ ಕೊನೆತನಕ ನೋಡಿದ. ಸಿಗಲಿಲ್ಲ. ಆ ಸೀನು ಬಂದಾಗ ಎರಡು ಸಾಲು ಮುಂದೆ ಕೂತಿದ್ದ ಒಬ್ಬ ಹೆಂಗಸು ಮೂಗು ಒರೆಸಿಕೊಂಡಳು. ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ದೀಪ ಹತ್ತುವ ಮೊದಲೇ ಅವನು ಎದ್ದು, ಕುರ್ಚಿಗಳ ಬೆನ್ನು ಹಿಡಿದುಕೊಂಡು ಹೊರಗೆ ನಡೆದ.