ಬುಕ್ಕಿನಲ್ಲಿ ಸತ್ತ ಹುಲಿಯಮ್ಮ

ಯಗಟಿ ಪಕ್ಕದ ಹಳ್ಳಿಯ ತೋಟಿ ಪುಟ್ಟಯ್ಯನ ಕೆಲಸವೇ ಸುದ್ದಿ ಮುಟ್ಟಿಸುವುದು. ಊರಲ್ಲಿ ಯಾರು ಹುಟ್ಟಿದರೂ ಯಾರು ಸತ್ತರೂ ಪಟೇಲರ ಜಗಲಿ ಕೆಳಗೆ ನಿಂತು ಕೂಗಬೇಕು, ಅವರು ಜನನ ಮರಣದ ಬುಕ್ಕಿಗೆ ಬರೆದುಕೊಳ್ಳಬೇಕು. ಮೊದಲ ಮಗಳು ಹುಲಿಯಮ್ಮ ಹುಟ್ಟಿದ್ದನ್ನೂ ಅವನೇ ಬರೆಸಿದ. ಎರಡು ವರ್ಷಕ್ಕೆ ಸಿಡುಬಾಗಿ ಹೋದಾಗ ಅದನ್ನೂ ಬರೆಸಿ, ಹೆಬ್ಬೆಟ್ಟು ಒತ್ತಿ ಬಂದ. ಆಮೇಲೆ ಇನ್ನೊಂದು ಹೆಣ್ಣಾಯಿತು. ಕೇರಿಯ ರೂಢಿಯಂತೆ ಸತ್ತವಳ ಹೆಸರನ್ನೇ ಇಟ್ಟರು. ಆದರೆ ಈ ಸಲ ಪುಟ್ಟಯ್ಯ ಜಗಲಿ ಕಡೆ ತಲೆ ಹಾಕಲಿಲ್ಲ. ಬುಕ್ಕಿಗೆ ಹತ್ತಿದ ಕೂಸು ಉಳಿಯಲ್ಲ ಅನ್ನೋ ಭಯ ಅವನಿಗೆ. ಊರಿಗೆಲ್ಲ ಸುದ್ದಿ ಮುಟ್ಟಿಸಿದವನು ಸ್ವಂತ ಕೂಸನ್ನು ಬಚ್ಚಿಟ್ಟ.

ಕೂಸು ಉಳಿಯಿತು. ದೊಡ್ಡವಳಾದ ಮೇಲೆ ಅಂತರಘಟ್ಟೆಗೆ ಮದುವೆ ಮಾಡಿ ಕೊಟ್ಟಿದ್ದರು, ಗಂಡ ಬೇಗ ಸತ್ತ, ತವರಿಗೇ ಬಂದಳು. ತೋಟಿ ಕೆಲಸಕ್ಕೆಂದು ಅಪ್ಪನಿಗೆ ಬಿಟ್ಟಿದ್ದ ಎರಡೆಕರೆ ಇನಾಮು ಹೊಲದಲ್ಲಿ ರಾಗಿ ಬೆಳೆದಳು. ತಾಯಿಯಿಲ್ಲದ ಚಿಕ್ಕಪ್ಪನ ಮಗ ಅಂಜಿನಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದಳು. ಅಪ್ಪ ಹೋದ ಮೇಲೆ ಅದೇ ಹೊಲದ ಬದುವಿನಲ್ಲಿ ಮಣ್ಣು ಮಾಡಿದಳು.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ, ಇನಾಮು ಹೊಲ ತೋಟಿಯ ವಾರಸುದಾರರಿಗೇ ಮಂಜೂರಾಗುತ್ತೆ ಅಂತ ದಲಿತ ಸಂಘದವರು ಅರ್ಜಿ ಬರೆದುಕೊಟ್ಟರು. ಜೊತೆಗೆ ವಂಶವೃಕ್ಷ ಬೇಕು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಗುಮಾಸ್ತ ಗಂಗಾಧರಯ್ಯ ಹಳೇ ಬುಕ್ಕಿನ ಧೂಳು ಕೊಡವಿದರು.

"ಹುಲಿಯಮ್ಮ, ತೋಟಿ ಪುಟ್ಟಯ್ಯನ ಮಗಳು. ಸತ್ತು ನಲವತ್ತೇಳು ವರ್ಷ ಆಯ್ತಲ್ಲಮ್ಮ."

"ಅಯ್ಯೋ ಸ್ವಾಮಿ, ಸತ್ತೋಳಿಗೆ ಕಂಡಕ್ಟ್ರು ಟಿಕೆಟ್ ಹರೀತಾನಾ? ಅವಳು ನಮ್ಮಕ್ಕ. ನಾನು ಆಮೇಲೆ ಹುಟ್ದೋಳು."

"ಬರೆಸಿಲ್ವಲ್ಲ."

"ಬರೆಸ್ದೆ ಇದ್ರೂ ನಾನು ಹುಟ್ಟಿವ್ನಲ್ಲ!"

ಗಂಗಾಧರಯ್ಯ ಕೆಟ್ಟವರೇನಲ್ಲ. ಕೇರಿಯ ಮಟ್ಟಿಗೆ ಆ ಬುಕ್ಕು ಎಷ್ಟು ನಂಬಿಕಸ್ಥ ಅಂತ ಅವರಿಗೂ ಗೊತ್ತಿತ್ತು. ಕೂಗಿದ್ದು ಕಿವಿಗೆ ಬಿದ್ದರೆ, ಪಟೇಲರಿಗೆ ಮನಸ್ಸು ಬಂದರೆ ಬರೆದದ್ದು. ರೇಷನ್ ಕಾರ್ಡು, ವೋಟರ್ ಲಿಸ್ಟು ನೋಡಿದರು. ಎರಡರಲ್ಲೂ ಗಂಡನ ಹೆಸರೇ, ಅಪ್ಪನದಿಲ್ಲ.

"ಅಪ್ಪನ ಕಡೆ ರಕ್ತಸಂಬಂಧಿ ಒಬ್ಬರು ಬಂದು, ಬುಕ್ಕಲ್ಲಿರೋಳು ಬೇರೆ, ಈಕೆ ಬೇರೆ ಅಂತ ಹೇಳಿಕೆ ಕೊಡಲಿ. ತಹಸೀಲ್ದಾರ್ ಸಾಹೇಬರು ಒಪ್ತಾರೆ."

"ಅಷ್ಟೇನಾ? ನಮ್ಮ ಅಂಜಿನಪ್ಪ ಅವ್ನೆ!"

ವಿಚಾರಣೆ ದಿನ ಅವನಿಗೂ ಸೇರಿಸಿ ರಾಗಿರೊಟ್ಟಿ ಕಟ್ಟಿಕೊಂಡಳು. ಅಂಜಿನಪ್ಪ ಸಾಹೇಬರ ಮುಂದೆ ನಿಂತು, ಅವಳತ್ತ ತಿರುಗದೆ ಹೇಳಿದ: "ನಮ್ಮ ದೊಡ್ಡಪ್ಪಂಗೆ ಇದ್ದದ್ದು ಒಂದೇ ಮಗಳು. ಬುಕ್ಕಲ್ಲಿರೋ ಹಂಗೆ ಅದು ತೀರ್ಕಂತು. ಈಯಮ್ಮ ಕೇರೀಲಿ ಅವ್ರೆ, ಅಷ್ಟೇಯ. ವಾರಸುದಾರ ನಾನೇ."

ಹುಲಿಯಮ್ಮನ ಬಾಯಿ ಊರಿಗೇ ಹೆಸರುವಾಸಿ. ಅವತ್ತು ಬೈಗುಳ ಒಂದೂ ಬರಲಿಲ್ಲ. ತೆರೆದಿಟ್ಟಿದ್ದ ಪುಟದ ಮೇಲೆ ಬೆರಳಿಟ್ಟು ಗಂಗಾಧರಯ್ಯನವರನ್ನು ಕೇಳಿದಳು.

"ಈ ಹೆಬ್ಬೆಟ್ಟು ಯಾರ್ದು ಸ್ವಾಮಿ?"

"ನಿಮ್ಮಪ್ಪಂದು."

ಅಂದುಬಿಟ್ಟು ನಾಲಗೆ ಕಚ್ಚಿಕೊಂಡರು. ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಹೊಲ, ಬದುವಿನ ಗೋರಿ ಸಮೇತ, ಅಂಜಿನಪ್ಪನ ಹೆಸರಿಗೆ ಹೋಯಿತು.

ಯಗಟಿ ಬಸ್ಸು ತುಂಬಿತ್ತು. ಅಂಜಿನಪ್ಪ ಕಿಟಕಿಯಿಂದ ಟವೆಲ್ ಹಾಕಿ ಎರಡು ಸೀಟು ಹಿಡಿದಿದ್ದ. "ಬಾರಕ್ಕ, ಕೂತ್ಕ," ಅಂದ, ಯಾವತ್ತಿನ ಹಾಗೇ.

"ಸತ್ತೋಳಿಗೆ ಸೀಟ್ಯಾಕ್ಲಾ?"

ಯಗಟಿವರೆಗೂ ಕಂಬಿ ಹಿಡಿದು ನಿಂತೇ ಬಂದಳು. ರೊಟ್ಟಿ ಗಂಟು ಬಿಚ್ಚಲಿಲ್ಲ.