ವಾಸವಿರುವವರಿಗೆ ಮಾತ್ರ

ನಮ್ಮ ದೊಡ್ಡಪ್ಪನನ್ನು ಕೆಳಗಿನ ಬೀದಿಯಲ್ಲಿ ಯಾರೂ ಟೈಲರ್ ಎನ್ನುತ್ತಿರಲಿಲ್ಲ, ಸೆಕ್ರೆಟರಿ ಎನ್ನುತ್ತಿದ್ದರು. ಹೊಲಿಗೆ ಅವರ ಹೊಟ್ಟೆಪಾಡು, ಬೀದಿ ಸಂಘ ಅವರ ಉಸಿರು. ಯಾರದೋ ಪ್ಯಾಂಟಿನ ಕಾಲು ಮಡಿಸಿ ಪಿನ್ನು ಚುಚ್ಚುತ್ತಿರುವಾಗ ಬೀದಿದೀಪ ಕೆಟ್ಟಿದೆ ಎಂದು ಸುದ್ದಿ ಬಂದರೆ, ಗಿರಾಕಿಯನ್ನು ಹಾಗೇ ನಿಲ್ಲಿಸಿ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಕರೆಂಟ್ ಆಫೀಸಿಗೆ ಓಡುವ ಮನುಷ್ಯ. ಗಿರಾಕಿ ಬೈಯುತ್ತಿರಲಿಲ್ಲ. ಅವನ ಮನೆ ಮುಂದಿನ ದೀಪ ಹತ್ತಿಕೊಂಡದ್ದೂ ಇನ್ಯಾರದೋ ಪ್ಯಾಂಟು ಅರ್ಧಕ್ಕೆ ನಿಂತಾಗಲೇ.

ಸಂಘ ಎಂದರೆ ದೊಡ್ಡದೇನಲ್ಲ. ಒಂದು ಕೋಣೆ, ಅಂಚು ಸವೆದ ಕೇರಂ ಬೋರ್ಡು, ಅಲುಗಾಡುವ ಮೇಜು, ಹೊರಗೆ ಮರದ ಕೆಳಗೆ ಎರಡು ಕಲ್ಲುಬೆಂಚು. ಕಟ್ಟಿದ್ದು ದೊಡ್ಡಪ್ಪ, ಬೆಂಚು ಹಾಕಿಸಿದ್ದೂ ದೊಡ್ಡಪ್ಪ. ನಾನು ಮದುವೆಯಾಗಿ ಅದೇ ಬೀದಿಗೆ ಬಂದಾಗ ನನಗೆ ಸಿಕ್ಕ ಮರ್ಯಾದೆಯೆಲ್ಲ ‘ಸೆಕ್ರೆಟರಿ ಅಣ್ಣನ ತಮ್ಮನ ಮಗಳು’ ಎಂಬುದಕ್ಕೇ ಹೊರತು ನನ್ನ ಮುಖ ನೋಡಿ ಅಲ್ಲ.

ದೊಡ್ಡಪ್ಪನ ಮನೆ ಇದ್ದದ್ದು ಸೇತುವೆಯ ಆಚೆ. ಅಲ್ಲಿನ ಲೆಕ್ಕವೇ ಬೇರೆ. ಕೆಳಗಿನ ಬೀದಿಯ ಚರಂಡಿಯನ್ನೆಲ್ಲ ಸರಿ ಮಾಡಿಸಿದ ಮಹಾಶಯನ ಅಡುಗೆಮನೆಯಲ್ಲಿ ನಲ್ಲಿ ವರ್ಷಗಟ್ಟಲೆ ತೊಟ್ಟಿಕ್ಕುತ್ತಿತ್ತು. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ದೊಡ್ಡಮ್ಮ ಆ ನಲ್ಲಿಯ ಕೆಳಗೆ ಬಕೆಟ್ ಇಡುವಾಗಲೆಲ್ಲ ಹೇಳುತ್ತಿದ್ದರು. ಕೇಳಿಸಿಕೊಳ್ಳಲು ದೊಡ್ಡಪ್ಪ ಮನೆಯಲ್ಲಿದ್ದರೆ ತಾನೆ!

ಹೀಗಿರುವಾಗ ಬೀದಿಗೆ ಟೈಲ್ಸ್ ಅಂಗಡಿಯವ ಬಂದ. ಬಂದವನೇ ಸಂಘಕ್ಕೆ ಸೇರಿದ, ಸೇರಿದವನೇ ಬಾಯಿ ಬಿಟ್ಟ. ಕಲ್ಲುಬೆಂಚು ಕಿತ್ತರೆ ಗಾಡಿ ನಿಲ್ಲಿಸಲು ಜಾಗವಾಗುತ್ತದಂತೆ. ಬೇರೆ ಯಾರಾದರೂ ಚುರುಕಿನವರು ಸೆಕ್ರೆಟರಿಯಾದರೆ ಒಳ್ಳೆಯದಂತೆ. ದೊಡ್ಡಪ್ಪನಿಗೆ ಮೈಯೆಲ್ಲ ಉರಿಯಿತು. ಒಂದು ಸಂಜೆ ನಾನು ಬಟ್ಟೆ ತರಲು ಹೋದಾಗ ತಮ್ಮ ಹೊಲಿಗೆ ಅಂಗಡಿ ಮುಚ್ಚುತ್ತ ಹೇಳಿದರು:

“ಇಲ್ಲಿ ವಾಸನೇ ಇಲ್ಲದೋನಿಗೆ ಈ ಬೀದಿ ಮೇಲೆ ಏನಮ್ಮ ಅಕ್ಕರೆ ಇರುತ್ತೆ? ಸಂಜೆ ಆದ್ರೆ ಶಟರ್ ಎಳೆದು ಹೋಗೋ ಜನ!”

ಹೇಳಿ ಧಡಾರನೆ ಶಟರ್ ಎಳೆದರು, ಬೀಗ ಹಾಕಿದರು, ಸೈಕಲ್ ಹತ್ತಿ ಸೇತುವೆ ಕಡೆ ಹೊರಟರು. ನಾನೂ “ಹೌದು ದೊಡ್ಡಪ್ಪ, ನಿಜ” ಎಂದು ತಲೆಯಾಡಿಸಿದೆ. ಸತ್ಯವಾಗಿ ಹೇಳುತ್ತೇನೆ, ನನಗೂ ಏನೂ ಹೊಳೆಯಲಿಲ್ಲ. ಬೀದಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅವರನ್ನು ಬಿಟ್ಟು ಬೀದಿಯನ್ನು ನೆನೆಯುವುದೇ ಸಾಧ್ಯವಿರಲಿಲ್ಲವಲ್ಲ.

ಸಭೆ ಸೇರಿತು. ಬೀದಿಯಲ್ಲಿ ವಾಸವಿರುವವರಿಗೆ ಮಾತ್ರ ಸದಸ್ಯತ್ವ ಎಂಬ ಹೊಸ ನಿಯಮವನ್ನು ದೊಡ್ಡಪ್ಪ ನಿಂತು ಓದಿದರು. ಟೈಲ್ಸಿನವ ಎಲ್ಲಿ ನುಸುಳಿಬಿಡುತ್ತಾನೋ ಎಂದು ತಾವೇ ಸೇರಿಸಿದ್ದ ಕೊನೆಯ ಸಾಲನ್ನು ಎರಡು ಸಲ ಓದಿದರು: ‘ಯಾರಿಗೂ, ಯಾವ ಕಾರಣಕ್ಕೂ ವಿನಾಯಿತಿ ಇಲ್ಲ.’ ಎಲ್ಲರೂ ಕೈ ಎತ್ತಿದರು. ಟೈಲ್ಸಿನವನೂ ಎತ್ತಿದ.

“ನೀವ್ಯಾಕ್ರೀ ಎತ್ತುತೀರಿ?” ಎಂದರು ದೊಡ್ಡಪ್ಪ.

“ಒಳ್ಳೇ ನಿಯಮ ಅಣ್ಣ. ಹೋದ ವಾರ ಅಂಗಡಿ ಮೇಲಿನ ಮನೆಗೇ ಬಂದ್ಬಿಟ್ವಿ, ಹೆಂಡ್ತಿ ಮಕ್ಕಳ ಸಮೇತ. ಒಂದು ಸಣ್ಣ ಸಂಶಯ, ಬೇಜಾರು ಮಾಡ್ಕೋಬೇಡಿ. ನಿಮ್ಮ ಮನೆ ಎಲ್ಲಿ ಬರುತ್ತೆ?”

ಅಧ್ಯಕ್ಷರಾಗಿದ್ದ ರಿಟೈರ್ಡ್ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ವಿನಾಯಿತಿ ಕೊಡಬಹುದಿತ್ತು... ಆದ್ರೆ ಆ ಸಾಲು ನೀವೇ...” ಎಂದು ನಿಲ್ಲಿಸಿದರು. ಬೇಡ ಸರ್, ನಿಯಮ ನಿಯಮವೇ ಎಂದು ದೊಡ್ಡಪ್ಪ ಸಂಘದ ಕೋಣೆಯ ಕೀಲಿಕೈ ಮೇಜಿನ ಮೇಲಿಟ್ಟರು. ಮಾಡಿದ್ದುಣ್ಣೋ ಮಹಾರಾಯ ಎಂದು ನಗುವವರು ನಗಲಿ. ಹೊರಗೆ ಬಂದು ಆ ಕಲ್ಲುಬೆಂಚಿನ ಮೇಲೆ ಕೂರಬೇಕೋ ಬೇಡವೋ ಎಂದು ಅವರು ತಡವರಿಸಿದ್ದನ್ನು ಕಂಡ ನನಗೆ ಮಾತ್ರ ನಗು ಬರಲಿಲ್ಲ.

ಸೋತರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಅವರದು. ಕೆಳಗಿನ ಬೀದಿಯಲ್ಲೇ ಬಾಡಿಗೆ ಮನೆ ಹಿಡಿಯೋಣ ಎಂದು ದೊಡ್ಡಮ್ಮನ ಮುಂದೆ ಪೀಠಿಕೆ ಹಾಕಿದರು.

“ನೀವು ಹೋಗಿ, ಯಾವಾಗಲೂ ಅಲ್ಲೇ ತಾನೆ ಇದ್ದದ್ದು?” ಎಂದರು ದೊಡ್ಡಮ್ಮ. “ನನ್ನ ಸಂಘ ಇಲ್ಲಿದೆ.”

ಆಗಲೇ ದೊಡ್ಡಪ್ಪನಿಗೆ ಗೊತ್ತಾದದ್ದು, ತಮ್ಮ ಮನೆಯ ಬೀದಿಗೂ ಒಂದು ಸಂಘವಿದೆ, ತಮ್ಮ ಹೆಂಡತಿಯೇ ಅದರ ಸೆಕ್ರೆಟರಿ ಎಂದು! ಮುಂದಿನ ಸಭೆಗೆ ಇಸ್ತ್ರಿ ಶರ್ಟು ತೊಟ್ಟು ಹೋದರು. ಅಲ್ಲಿಯೂ ವಾಸವಿರುವವರಿಗೆ ಮಾತ್ರ. ಅಕ್ಕಪಕ್ಕದವರಿಬ್ಬರು ‘ಇವರು ಇಲ್ಲಿಯವರೇ’ ಎನ್ನಬೇಕು. ಪಕ್ಕದ ಮನೆಯಾತ ಅವರನ್ನು ಮೇಲಿಂದ ಕೆಳಗೆ ನೋಡಿ, ದೊಡ್ಡಮ್ಮನ ಕಡೆ ತಿರುಗಿ, “ಅಯ್ಯೋ, ನಿಮ್ಮನೆಗೆ ಆಗಾಗ ಬರೋ ನೆಂಟರು ಅಂದ್ಕೊಂಡಿದ್ದೆ” ಎಂದ. ಎದುರು ಮನೆಯ ಅಜ್ಜಿ ಗುರುತು ಹಿಡಿದರು: “ಟೈಲರಪ್ಪ ಅಲ್ವಾ? ಇವರು ಕೆಳಗಿನ ಬೀದಿಯೋರು.” ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು. ದೊಡ್ಡಮ್ಮ ನಿಧಾನವಾಗಿ ಹೇಳಿದರಂತೆ:

“ಮಲಗೋದು ಇಲ್ಲೇ. ವಾಸದ ವಿಷಯ ಅವರನ್ನೇ ಕೇಳಿ.”

ಸ್ವಲ್ಪ ದಿನ ಇದ್ದು ತೋರಿಸಲಿ, ಆಮೇಲೆ ನೋಡೋಣ ಎಂದು ತೀರ್ಮಾನವಾಯಿತು. ತೀರ್ಮಾನ ಬರೆದುಕೊಂಡದ್ದು ದೊಡ್ಡಮ್ಮನೇ. ಇದನ್ನೆಲ್ಲ ಅವರು ನನಗೆ ಹೇಳಿದ್ದು ಮರುದಿನ ಮಧ್ಯಾಹ್ನ, ತಮ್ಮ ಅಡುಗೆಮನೆಯಲ್ಲಿ. ಹೇಳುತ್ತ ನಕ್ಕರು, ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ನಕ್ಕೆ. ನಲ್ಲಿ ತೊಟ್ಟಿಕ್ಕುತ್ತಿತ್ತು.

ಅಷ್ಟರಲ್ಲಿ ಹೊರಗೆ ಸೈಕಲ್ ನಿಲ್ಲಿಸಿದ ಸದ್ದಾಯಿತು. ಕಿಟಕಿಯಿಂದ ಇಣುಕಿದೆ. ಬಿಸಿಲಿನ್ನೂ ಇಳಿದಿರಲಿಲ್ಲ, ದೊಡ್ಡಪ್ಪ ಕೈಯಲ್ಲೊಂದು ಹೊಸ ನಲ್ಲಿ ಹಿಡಿದು, ಬೀದಿಯವರೆಲ್ಲ ನೋಡಲಿ ಎಂಬಂತೆ, ತಮ್ಮದೇ ಬಾಗಿಲು ತಟ್ಟುತ್ತಿದ್ದರು.

ದೊಡ್ಡಮ್ಮನ ಬೆನ್ನು ಬಾಗಿಲ ಕಡೆಗಿತ್ತು. ಆ ಹೊತ್ತಿನಲ್ಲಿ ಆ ಬಾಗಿಲು ತಟ್ಟುವವರು ಯಾವಾಗಲೂ ಬೇರೆಯವರೇ. ಅವರು ಬಕೆಟ್ ಎತ್ತುತ್ತಲೇ, ತಮಾಷೆಗಲ್ಲ, ರೂಢಿಯಂತೆ ಕೂಗಿ ಕೇಳಿದರು:

“ಯಾರ್ರೀ ಅದು? ಮನೇಲಿ ಗಂಡಸರಿಲ್ಲ, ಏನು ಬೇಕಿತ್ತು?”